ಇಪ್ಪತ್ತೊಂದು ಖಾಲಿ ತೋಟಾ

ನಮ್ಮೂರಿನ ಗುಂಡು ಹೊಡೆಯುವ ಮೈದಾನದಲ್ಲಿ ವೆಂಡೆಲ್ ಹಾಗ್ಲಂಡನಿಗೆ ಕೋಳಿ ಎಂದು ಹೆಸರು. ಉಳಿದವರೆಲ್ಲ ಗುರಿಯ ಕಡೆ ನೋಡುತ್ತಿದ್ದರೆ ಇವನು ನೆಲ ನೋಡುತ್ತಿದ್ದ. ಕೋವಿಯಿಂದ ಹಿತ್ತಾಳೆಯ ಖಾಲಿ ತೋಟಾ ಚಿಮ್ಮಿ ಹುಲ್ಲಿಗೆ ಬೀಳುವುದೇ ತಡ, ಅದು ಯಾವ ಅಳತೆಯದು, ಬಾಯಿ ನೆಗ್ಗಿದೆಯೋ ಇಲ್ಲವೋ ಎಂಬುದೆಲ್ಲ ನಿಂತಲ್ಲೇ ಗೊತ್ತಾಗಿಬಿಡುತ್ತಿತ್ತು. ಖಾಲಿಯಾಯಿತೆಂದು ಎಸೆಯುವ ವಸ್ತು ಅದಲ್ಲ. ಬುಡದಲ್ಲಿ ಕಿಡಿ ಹೊತ್ತಿಸುವ ಸುಟ್ಟ ಕೇಪು ತೆಗೆದು, ತೊಳೆದು, ಹೊಸ ಕೇಪು, ಮದ್ದು, ಗುಂಡು ತುಂಬಿದರೆ ತೋಟಾ ಮತ್ತೆ ಹೊಸತೇ. ನಾರ್ತ್ ಡಕೋಟಾದ ಈ ಬಯಲಲ್ಲಿ ಅರ್ಧ ಊರು ಹೀಗೆ ಮನೆಯಲ್ಲೇ ತುಂಬಿಕೊಳ್ಳುತ್ತದೆ. ಅವರು ತಮಗೆ ಬೇಕಾದಷ್ಟೇ ಹೆಕ್ಕುತ್ತಾರೆ, ವೆಂಡೆಲ್ ಸಿಕ್ಕಿದಷ್ಟೂ ಹೆಕ್ಕುತ್ತಿದ್ದ.

"ಏನಪ್ಪಾ ಕೋಳಿ, ಇವತ್ತು ಎಷ್ಟು ಕಾಳು ಸಿಕ್ತು?" ಎಂದು ಲಾಯ್ಡ್ ಕೆಣಕುತ್ತಿದ್ದ. ಲಾಯ್ಡ್ ಎಂದರೆ ಮಾಜಿ ಸೈನಿಕರ ಸಂಘದ ಮುಖ್ಯಸ್ಥ, ವೆಂಡೆಲ್‌ನ ಶಾಲೆಯ ದಿನಗಳ ಗೆಳೆಯ.

"ನಿಂಗ್ಯಾಕೆ ಹೊಟ್ಟೆ ಉರಿ? ನಿನ್ನ ಗುಂಡಂತೂ ಗುರಿಗೆ ತಗಲಲ್ಲ, ಹಿತ್ತಾಳೆ ಆದ್ರೂ ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ ಬಿಡು."

ಆದರೆ ಕೇಳದೆ ಒಂದನ್ನೂ ಮುಟ್ಟಿದವನಲ್ಲ. ನೆಲಕ್ಕೆ ಬಿದ್ದದ್ದೂ ಹೊಡೆದವನದ್ದೇ ಎಂಬುದು ಮೈದಾನದ ರೀತಿ. ಪಕ್ಕದವನು ಕೋವಿ ಕೆಳಗಿಡುವ ತನಕ ಕಾದು, ಟೋಪಿ ಸ್ವಲ್ಪ ಹಿಂದಕ್ಕೆ ಸರಿಸಿ, "ಇದು ನಿಮಗೆ ಬೇಕಾ?" ಎಂದು ಕೇಳುತ್ತಿದ್ದ. ಬೇಕು ಎಂದರೆ ತಾನೇ ಹೆಕ್ಕಿ ಅವರ ಕೈಗೆ ಹಾಕುತ್ತಿದ್ದ. ಮೂವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಾವಿರ ಜನಕ್ಕೆ ಕೇಳಿದ್ದನೋ.

ಗ್ಯಾರೇಜಿನಲ್ಲಿ ನಲವತ್ತಕ್ಕೂ ಹೆಚ್ಚು ಬಕೆಟ್ಟು ತುಂಬಿ ಕೂತಿದ್ದವು. ಭುಜ ಕೆಟ್ಟ ಮೇಲೆ ಒಂಬತ್ತು ವರ್ಷದಿಂದ ಅವನು ಜಿಂಕೆ ಬೇಟೆಗೆ ಹೋದವನಲ್ಲ. ಮೂರು ಜನ್ಮ ಹೊಡೆದರೂ ಮುಗಿಯದ ತೋಟಾ ಯಾಕೆ ಎಂದು ಹೆಂಡತಿ ಆರ್ಡಿಸ್ ಕೇಳಿದರೆ, "ಕೈ ಕೇಳಲ್ಲ ಕಣೆ" ಎನ್ನುತ್ತಿದ್ದ. ಅವಳು ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬಡಿಸಿ ಬಂದವಳು, ಸೋತದ್ದು ಇವನೊಬ್ಬನಿಗೆ. ಬಟ್ಟೆ ಒಗೆಯುವ ಮೆಷಿನ್ ಮೇಲೆ ಉಪ್ಪಿನಕಾಯಿಯ ಗಾಜಿನ ಜಾಡಿಯೊಂದನ್ನು ಇಟ್ಟಿದ್ದಳು. ಇವನ ಜೇಬಿನಿಂದ ಮೆಷಿನ್ನಿಗೆ ಬಿದ್ದದ್ದೆಲ್ಲ ಆ ಜಾಡಿಗೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಬಿಟ್ಟುಬಿಟ್ಟಿದ್ದಳು.

ಅವರ ಒಬ್ಬನೇ ಮಗ ಡೇಲ್, ಆರು ವರ್ಷ ಸೈನ್ಯದಲ್ಲಿದ್ದು ಮೈಗೆ ಒಂದು ಗೀರೂ ಇಲ್ಲದೆ ಊರಿಗೆ ಬಂದವನು, ಕಳೆದ ನವೆಂಬರಿನಲ್ಲಿ ರಸ್ತೆಯ ಮಂಜುಗಡ್ಡೆಯ ಮೇಲೆ ಟ್ರಕ್ ಜಾರಿ ಮಗುಚಿ ಸತ್ತ. ಮೂವತ್ತನಾಲ್ಕು ವರ್ಷ. ಹಿಂದಿನ ಭಾನುವಾರವಷ್ಟೇ ಬಂದು ಅಪ್ಪನ ಗ್ಯಾರೇಜಿನ ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟು ಹೋಗಿದ್ದ.

ಸೈನಿಕನಾಗಿದ್ದವನ ಮಣ್ಣಿಗೆ ಸಂಘದ ಏಳು ಮುದುಕರು ಟೋಪಿ ಹಾಕಿಕೊಂಡು ಬಂದು, ಗುಂಡಿಲ್ಲದ ಬರೀ ಮದ್ದಿನ ತೋಟಾ ತುಂಬಿ, ಆಕಾಶಕ್ಕೆ ಮೂರು ಸಲ ಹೊಡೆಯುತ್ತಾರೆ. ಏಳು ಮೂರಲಿ ಇಪ್ಪತ್ತೊಂದು. ಆ ಖಾಲಿ ತೋಟಾಗಳಲ್ಲಿ ಮೂರನ್ನು, ಶವಪೆಟ್ಟಿಗೆಯ ಮೇಲಿಂದ ತೆಗೆದು ಮುಮ್ಮೂಲೆಯಾಗಿ ಮಡಿಸಿದ ಧ್ವಜದ ಜೊತೆ ಇಟ್ಟುಕೊಳ್ಳಲು ತಾಯಿಗೆ ಕೊಡುವುದು ಪದ್ಧತಿ. ಅವತ್ತು ಪಾದ್ರಿ ಇನ್ನೂ ಪುಸ್ತಕ ಮುಚ್ಚಿರಲಿಲ್ಲ, ವೆಂಡೆಲ್ ಕುರ್ಚಿಯಿಂದ ಎದ್ದ. ಸೀದಾ ಆ ಏಳು ಜನರ ಕಾಲಬುಡಕ್ಕೆ ಹೋದ. ಬಗ್ಗಿದ. ಒಣಹುಲ್ಲಿನಿಂದ ಒಂದೊಂದಾಗಿ ಹೆಕ್ಕಿ ಕೋಟಿನ ಜೇಬಿಗೆ ಹಾಕಿಕೊಳ್ಳತೊಡಗಿದ. ಯಾರನ್ನೂ ಏನೂ ಕೇಳಲಿಲ್ಲ. ಹೆತ್ತ ಅಪ್ಪನಿಗೆ ಬೇಡ ಎನ್ನುವವರು ಯಾರು? ಎಲ್ಲರೂ ತಲೆ ತಗ್ಗಿಸಿ ನಿಂತರು. ಕೊನೆಗೆ ಆರ್ಡಿಸ್ ಬಂದು ತೋಳು ಹಿಡಿದು ಕರೆದುಕೊಂಡು ಹೋದಳು.

ಅಲ್ಲಿಂದ ಮುಂದೆ ಅವನಿಗೆ ಏನೂ ಅನ್ನಿಸಲಿಲ್ಲ, ಸುಳ್ಳಲ್ಲ. ಚರ್ಚಿನ ಹೆಂಗಸರು ತಂದಿಟ್ಟ ಆಲೂಗಡ್ಡೆ ಮಾಂಸದ ತಟ್ಟೆಗಳನ್ನು ಕೊಟ್ಟಷ್ಟು ತಿಂದ. ಹಿಮ ಬಿದ್ದರೆ ಗುಡಿಸಿದ. ಅಳು ಬರುತ್ತದೆ ಎಂದು ಜನ ಹೇಳಿದ್ದರು, ಬರಲಿಲ್ಲ. ಹಲ್ಲು ಕೀಳುವಾಗ ಕೊಟ್ಟ ಮದ್ದು ಇಳಿಯದೆ ದವಡೆ ತನ್ನದಲ್ಲ ಎನಿಸುತ್ತದಲ್ಲ, ಹಾಗೆ ಮೈಯೆಲ್ಲ. ಬೆಳಿಗ್ಗೆ ಎದ್ದು ಗ್ಯಾರೇಜಿಗೆ ಹೋಗುತ್ತಿದ್ದ, ಊಟಕ್ಕೆ ಕರೆದರೆ ಬರುತ್ತಿದ್ದ. ಡೇಲ್‌ನ ಹೆಸರು ಆ ಮನೆಯಲ್ಲಿ ನಾಲ್ಕು ತಿಂಗಳು ಯಾರ ಬಾಯಲ್ಲೂ ಬರಲಿಲ್ಲ.

ಮಾರ್ಚಿನ ಒಂದು ಶನಿವಾರ ಬೆಳಿಗ್ಗೆ ಲಾಯ್ಡ್ ಬಂದ. ಧ್ವಜ ಇಡಲು ಆಕ್ರೋಟು ಮರದಲ್ಲಿ ತಾನೇ ಮಾಡಿದ ಮುಮ್ಮೂಲೆಯ ಗಾಜಿನ ಪೆಟ್ಟಿಗೆ ತಂದಿದ್ದ. ಕೆಳಗೆ ಎಳೆದು ತೆಗೆಯುವ ಒಂದು ಪುಟ್ಟ ಖಾನೆ, ಮೂರು ತೋಟಾ ಹಿಡಿಸುವಷ್ಟು.

ಆರ್ಡಿಸ್ ಮರವನ್ನು ಸವರಿ ನೋಡಿದಳು. "ತೋಟಾ ಇವನ ಹತ್ರ ಇದೆ," ಎಂದಳು. "ಹೋಗಿ ತಗೊಂಡ್ ಬಾ ವೆಂಡೆಲ್. ಅಷ್ಟರಲ್ಲಿ ಕಾಫಿ ಆಗುತ್ತೆ."

ಗಂಡಸರಿಬ್ಬರೂ ಗ್ಯಾರೇಜಿಗೆ ಹೋದರು. ವೆಂಡೆಲ್ ಮೊದಲು ಕೋಟಿನ ಜೇಬು ನೋಡಿದ, ಬರಿದು. ಬೆಂಚಿನ ಕೆಳಗೆ ನೋಡಿದ. ಕೊನೆಗೆ ಮೇಲಿನ ಅಟ್ಟಣಿಗೆಯಲ್ಲಿ, ತೋಟಾ ನಿಲ್ಲಿಸಿಡುವ ಪ್ಲಾಸ್ಟಿಕ್ ಡಬ್ಬಿಗಳ ಸಾಲಿನಲ್ಲಿ ಆ ದಿನದ್ದು ಸಿಕ್ಕಿತು. ಯಾವ ರಾಶಿ ಎಲ್ಲಿಂದ ಬಂತು ಎಂದು ಚೀಟಿ ಬರೆದು ಅಂಟಿಸುವುದು ಅವನ ಕ್ರಮ. ಇದಕ್ಕೂ ಅಂಟಿಸಿದ್ದ, ಅದೇ ದುಂಡು ಅಕ್ಷರದಲ್ಲಿ: "ನವೆಂಬರ್ ೧೪. ಸ್ಮಶಾನ. ಒಂದೇ ಸಲ ಹಾರಿಸಿದ್ದು. ೨೦."

ಬರೆದದ್ದು ಅವನಿಗೆ ನೆನಪಿರಲಿಲ್ಲ. ಮುಚ್ಚಳ ತೆಗೆದ. ಗುಂಡಿಲ್ಲದ ತೋಟಾ ಹಾರಿಸಿದ ಮೇಲೆ ಅದರ ಮುಚ್ಚಿದ ಬಾಯಿ ಎಸಳು ಎಸಳಾಗಿ ಅರಳಿಕೊಳ್ಳುತ್ತದೆ. ಇವುಗಳಲ್ಲಿ ಎಸಳು ಇರಲಿಲ್ಲ. ಕೇಪು ತೆಗೆದಿತ್ತು, ಜೋಳದ ದಿಂಡಿನ ಪುಡಿ ತುಂಬಿದ ಯಂತ್ರದಲ್ಲಿ ತಿರುಗಿಸಿ ಥಳಥಳ ಹೊಳೆಸಿತ್ತು, ಬಾಯಿ ಕತ್ತರಿಸಿ ತನ್ನ ಅಜ್ಜನ ಹಳೆಯ ಕೋವಿಯ ಅಳತೆಗೆ ತಂದಿತ್ತು. ಮಗನ ಮಣ್ಣಿನ ದಿನದ್ದನ್ನು ಉಳಿದೆಲ್ಲದರ ಹಾಗೆ ಕೆಲಸದ ಸಾಮಾನು ಮಾಡಿಬಿಟ್ಟಿದ್ದ.

"ಅಯ್ಯೋ ದೇವರೇ," ಎಂದ ಲಾಯ್ಡ್. ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನೋಡು, ಸಂಘದಲ್ಲಿ ಒಂದು ಡಬ್ಬಿ ತುಂಬ ಬಿದ್ದಿವೆ. ಬೇರೆ ಯಾರದ್ದೋ ಸಾವಿನವು. ಮೂರು ತಂದುಕೊಡ್ತೀನಿ. ಅವಳಿಗೇನ್ ಗೊತ್ತಾಗುತ್ತೆ?"

"ಗೊತ್ತಾಗಲ್ಲ," ಎಂದ ವೆಂಡೆಲ್.

"ಮತ್ತೆ? ತಂದ್ಬಿಡ್ಲಾ?"

ವೆಂಡೆಲ್ ಡಬ್ಬಿ ನೋಡುತ್ತಾ ನಿಂತ. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಬೇಡ ಮಾರಾಯ," ಎಂದ. "ನಾಲ್ಕು ತಿಂಗಳಿಂದ ಅವಳಿಗೆ ಒಂದು ಮಾತು ಕೊಟ್ಟಿಲ್ಲ ನಾನು. ಈಗ ಕೊಡೋದು ಸುಳ್ಳಾ?"

ಲಾಯ್ಡ್ ಅವನ ಬೆನ್ನು ತಟ್ಟಿ, ಕಾಫಿಗೂ ನಿಲ್ಲದೆ ಹೊರಟುಹೋದ.

ಆರ್ಡಿಸ್ ಲೋಟ ಹಿಡಿದು ತಾನೇ ಬಂದಳು. ಆ ಗ್ಯಾರೇಜಿನೊಳಗೆ ಅವಳು ಕಾಲಿಟ್ಟು ವರ್ಷಗಳಾಗಿದ್ದವು. ವೆಂಡೆಲ್ ಡಬ್ಬಿಯನ್ನು ಅವಳ ಮುಂದಕ್ಕೆ ತಳ್ಳಿದ. ಅವಳು ಚೀಟಿ ಓದಿದಳು. ಒಂದು ತೋಟಾ ಎತ್ತಿ, ಕತ್ತರಿಸಿದ ಬಾಯಿಯ ಅಂಚಿನ ಮೇಲೆ ಬೆರಳಾಡಿಸಿದಳು.

"ಕೊಯ್ದುಬಿಟ್ಯಾ?"

"ಹೂಂ. ಯಾವಾಗ ಕೊಯ್ದೆ ಅಂತಾನೇ ಗೊತ್ತಿಲ್ಲ. ಕೈ ಮಾಡ್ತು. ನಾನು ಅಲ್ಲಿರಲಿಲ್ಲ ಆರ್ಡಿಸ್."

"ನೀನು ಎಲ್ಲೂ ಇರಲಿಲ್ಲ," ಎಂದಳು. ಸಿಟ್ಟಿತ್ತು, ಆದರೆ ದನಿ ಏರಲಿಲ್ಲ. "ಇವತ್ತು ಕೊಡ್ತಾನೆ, ನಾಳೆ ಕೊಡ್ತಾನೆ, ಕೊಡುವಾಗಾದ್ರೂ ಡೇಲ್ ಅಂತಾನೆ ಅಂತ ನಾನು ಚಳಿಗಾಲ ಪೂರ್ತಿ ಕಾದೆ."

ಅವಳು ಮತ್ತೆ ಚೀಟಿ ನೋಡಿದಳು.

"ಇಪ್ಪತ್ತು ಅಂತ ಬರ್ದಿದೀಯ. ಏಳು ಮೂರಲಿ ಎಷ್ಟು?"

ವೆಂಡೆಲ್ ಡಬ್ಬಿಯ ಕಡೆ ತಿರುಗಿದ. ಎಣಿಕೆಯಲ್ಲಿ ಒಂದು ತಪ್ಪಿದರೆ ಇಡೀ ಮೈದಾನ ಜಾಲಾಡುತ್ತಿದ್ದವನು, ನಾಲ್ಕು ತಿಂಗಳು ಅದನ್ನು ನೋಡಿಯೇ ಇರಲಿಲ್ಲ.

ಆರ್ಡಿಸ್ ಏಪ್ರನ್ನಿನ ಜೇಬಿಗೆ ಕೈ ಹಾಕಿ, ಒಂದು ಕರವಸ್ತ್ರ ತೆಗೆದು, ಬಿಚ್ಚಿ ಬೆಂಚಿನ ಮೇಲಿಟ್ಟಳು. ಮಸಿ ಹಿಡಿದ ತೋಟಾ. ಬಾಯಿ ಅರಳಿಕೊಂಡೇ ಇತ್ತು. ಬುಡದಲ್ಲಿ ಒಣಗಿದ ಹುಲ್ಲಿನ ಎಳೆ.

"ನಿನ್ನ ಕರ್ಕೊಂಡ್ ಹೋಗೋಕೆ ಬಂದೆನಲ್ಲ, ನನ್ನ ಬೂಟಿನ ಪಕ್ಕ ಬಿದ್ದಿತ್ತು. ಮೂವತ್ತು ವರ್ಷ ನಿನ್ನ ಜೇಬಿನಿಂದ ಇದನ್ನೇ ಹೆಕ್ಕಿದೀನಿ ನೋಡು. ನನ್ನ ಕೈಯೂ ಕೇಳ್ಲಿಲ್ಲ."

ವೆಂಡೆಲ್ ಅದನ್ನು ಎತ್ತಿಕೊಂಡ. ಮೂಗಿನ ಹತ್ತಿರ ಹಿಡಿದ. ಮದ್ದಿನ ಕಮಟು ವಾಸನೆ ಇನ್ನೂ ಇತ್ತು. ಎಡಗೈ ತಾನಾಗಿಯೇ ದಿಂಡಿನ ಪುಡಿಯ ಯಂತ್ರದ ಮುಚ್ಚಳದ ಕಡೆಗೆ ಹೋಯಿತು, ಹೋಗಿ ಅರ್ಧದಲ್ಲೇ ನಿಂತಿತು. ಅವನು ಆ ಕೈಯನ್ನು ನೋಡಿದ. ಹಿಂದಕ್ಕೆ ತಂದ. ನಂತರ ಟೋಪಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಹೆಂಡತಿಯ ಕಡೆ ತಿರುಗಿದ.

"ಡೇಲ್‌ದು," ಎಂದ. "ಇದು ನಿನಗೆ ಬೇಕಾ?"

"ಬೇಕು," ಎಂದಳು ಆರ್ಡಿಸ್.

ಅವನು ಅದನ್ನು ಅವಳ ಕೈಗೆ ಹಾಕಿದ.