ಬಲಗಾಲಿಗೊಂದು ಹೊಸ ಟೈರು

ಹಾಸನದ ಸೀಮೆಯಲ್ಲಿ ಬಸ್ಸು ನಡೆಸುವ ಕಸುಬಿಗೆ ಮರ್ಯಾದೆ ತಂದವರು ಯಾರೆಂದು ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಯಾರನ್ನು ಕೇಳಿದರೂ, ಈ ೧೯೪೯ರಲ್ಲಿ ನಿವೃತ್ತರಾಗುತ್ತಿರುವ ಶ್ರೀ ಪಾಲಾಕ್ಷಯ್ಯನವರ ಹೆಸರನ್ನೇ ಹೇಳುತ್ತಾರೆ. ಬಹುಕಾಲ ಅವರ ಬಸ್ಸಿನ ಕಂಡಕ್ಟರಾಗಿದ್ದ ನನಗೆ ಅವರ ಗುಣಗಾನ ಮಾಡಲು ಸನ್ಮಾನ ಸಮಿತಿಯವರು ಅಪ್ಪಣೆ ಕೊಟ್ಟಿದ್ದಾರೆ. ಹಿರೀಸಾವೆಯ ಅಪಘಾತದ ಮಾತು ಮಾತ್ರ ಬೇಡವಂತೆ. ಏಕೆ ಬೇಡ? ಅದನ್ನು ಬಿಟ್ಟರೆ ಕಳಂಕ ಅವರ ತಲೆಯ ಮೇಲೇ ಉಳಿಯುತ್ತದಲ್ಲ!

ಚಳಿಜ್ವರದಲ್ಲಿ ನಡುಗುತ್ತಿದ್ದ ನನ್ನನ್ನು ಎಂಜಿನ್ನಿನ ಪಕ್ಕ ಕೂರಿಸಿ, ತಮ್ಮ ಕಂಬಳಿ ಹೊದಿಸಿ, ಟಿಕೆಟ್ಟನ್ನೂ ತಾವೇ ಹರಿದುಕೊಟ್ಟ ಪುಣ್ಯಾತ್ಮರು ಅವರು.

ಯುದ್ಧಕಾಲದಲ್ಲಿ ಟೈರಿಗೆ ಬರ ಬಂತು. ೧೯೪೩ರಲ್ಲಿ ಮಾಲೀಕ ನಂಜಪ್ಪನವರಿಗೆ ಹೇಗೋ ಒಂದೇ ಒಂದು ಹೊಸ ಟೈರು ಸಿಕ್ಕಿತು. ಮನೆ ತುಂಬುವ ಸೊಸೆ ಬಲಗಾಲಿಡುವ ಹಾಗೆ ಅದನ್ನು ಮುಂದಿನ ಬಲಗಾಲಿಗೇ ಹಾಕಬೇಕೆಂದು ಹಟ ಹಿಡಿದರು. ಎಡಗಾಲಿಗೆ ಬೋಳು ಟೈರು.

“ಬ್ಯಾಡಿ ಸಾ, ಸ್ಟೇರಿಂಗು ಎಡಕ್ಕೆ ಎಳೀತದೆ. ಸವೆದಿದ್ರೂ ಮುಂದ್ಗಡೆ ಜೋಡಿ ಒಂದೇ ಸಮ ಇರ್ಬೇಕು. ಇದಕ್ಕೆ ಜೊತೆ ಸಿಕ್ಕೋಗಂಟ ಸ್ಟೆಪ್ನಿಗೆ ಇಕ್ಕಿ,” ಎಂದು ಪಾಲಾಕ್ಷಯ್ಯನವರು ಕೈಮುಗಿದರು.

“ಶುಭಕ್ಕೆ ಬಲಗಾಲು ಕಣಯ್ಯಾ! ನೀನು ಓಗ್ದಿದ್ರೆ ಕ್ಲೀನರ್ ಓಡಿಸ್ತಾನೆ,” ಎಂದರು ನಂಜಪ್ಪನವರು.

ಜನ ತುಂಬಿದ್ದ ಬಸ್ಸನ್ನು ಕಲಿಯದ ಕೈಗೆ ಒಪ್ಪಿಸಲು ಮನಸ್ಸು ಬಾರದೆ ಇವರೇ ಹತ್ತಿದರು. ಚನ್ನರಾಯಪಟ್ಟಣ ದಾಟಿದರೂ ಸ್ಟೇರಿಂಗನ್ನು ಬಲಕ್ಕೆ ಜಗ್ಗಿ ಹಿಡಿದೇ ನಿಧಾನವಾಗಿ ನಡೆಸಿದರು. ಹಿರೀಸಾವೆಯ ಹತ್ತಿರ ರಸ್ತೆ ಮಳೆಗೆ ನೆನೆದಿತ್ತು. ಬಲತಿರುವಿನಲ್ಲಿ ಬೋಳು ಟೈರು ಜಾರಿ, ಎಷ್ಟು ತಿರುಗಿಸಿದರೂ ತಿರುಗದೆ ಬಸ್ಸು ಎಡದ ಹಳ್ಳಕ್ಕಿಳಿಯಿತು. ದೇವರು ದೊಡ್ಡವನು, ಯಾರ ಜೀವವೂ ಹೋಗಲಿಲ್ಲ.

ಹೋದದ್ದು ಇವರ ಮಾನ. ಬೀಡಿಯನ್ನೂ ಮುಟ್ಟದ ಈ ಶಿವಭಕ್ತರು ಕುಡಿದು ಓಡಿಸಿದರೆಂದು ನಂಜಪ್ಪನವರು ಊರೆಲ್ಲ ಸಾರಿ ಕೆಲಸದಿಂದ ತೆಗೆದರು. ಥೂ, ಅದೂ ಒಂದು ನಾಲಿಗೆಯೇ! ಆ ಬಸ್ಸಿನಲ್ಲಿ ಕೈ ಮುರಿದುಕೊಂಡಿದ್ದ ಕೊರವಂಗಲದ ಮುದ್ದಮ್ಮನವರೇ ಮಾಲೀಕರ ಮನೆಬಾಗಿಲಿಗೆ ಹೋಗಿ, “ಕುಡಿದಿದ್ನಾ ಆವಯ್ಯ? ಸ್ಟೇರಿಂಗ್ ಜೊತೆ ಒದ್ದಾಡ್ತಿದ್ದುದ್ನ ನಾನೇ ಕಣ್ಣಾರೆ ಕಂಡಿವ್ನಿ ಕಣ!” ಎಂದು ಕೂಗಾಡಿದರು. ಯಾರು ಕೇಳಿದರು? ಪಾಲಾಕ್ಷಯ್ಯನವರು ಬೇರೊಬ್ಬರ ಅರಕಲಗೂಡು ಬಸ್ಸಿಗೆ ಡ್ರೈವರಾಗಿ ಸೇರಿ ದುಡಿದರು. ಆಡಿದ ಸುಳ್ಳನ್ನು ಈವರೆಗೆ ಯಾರೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಈಗ ಸನ್ಮಾನದ ಮೆರವಣಿಗೆಗೆ ಅದೇ ನಂಜಪ್ಪನವರು ತಮ್ಮ ಕಾರನ್ನು ಕೊಡುತ್ತಾರಂತೆ. ಹೋಗಿ ನೋಡಿಬಂದೆ. ಶುಭಕಾರ್ಯವೆಂದು ಮುಂದಿನ ಬಲಗಾಲಿಗೆ ಮಾತ್ರ ಹೊಸ ಟೈರು ಹಾಕಿಸಿದ್ದಾರೆ!

ಪಾಲಾಕ್ಷಯ್ಯನವರು ನೂರು ಕಾಲ ಬಾಳಲಿ, ಮೋಟಾರು ಕಲಿಯುವವರಿಗೆ ಇನ್ನೂ ಬಹುಕಾಲ ವಿದ್ಯೆ ಹೇಳಲಿ. ಹಾಗೆಂದು ಮನಸಾರೆ ಹಾರೈಸುವವರು ಮೊದಲು ಆ ಟೈರು ಬಿಚ್ಚಿಸಿ.