ಐರಿಷ್ ಕೋಚು, ಕನ್ನಡ ಟೀಮು

ಜೀವಮಾನದಲ್ಲಿ ನಾನು ಹೊಡೆದ ಗೋಲು ಒಂದೇ ಒಂದು. ಅದನ್ನೂ ನಮ್ಮ ಟೀಮಿನ ಬಲೆಗೇ ಹೊಡೆದೆ. ಇದನ್ನು ನಾಚಿಕೊಂಡು ಹೇಳಬೇಕು, ಗೊತ್ತು. ಆದರೆ ಎಷ್ಟು ಪ್ರಯತ್ನಪಟ್ಟರೂ ನಾಚಿಕೆ ಬರುವುದಿಲ್ಲ, ನಗು ಬರುತ್ತದೆ. ಯಾಕೆಂದರೆ ನನಗೆ ಆಟ ಕಲಿಸಿದವನು ಅಂತಿಂಥವನಲ್ಲ, ಫುಟ್‌ಬಾಲ್ ಆಡಿಯೇ ಅನ್ನ ದುಡಿದ ಅಸಲಿ ಆಟಗಾರ.

ಎಪ್ಪತ್ತರ ದಶಕದ ನಡುವೆ ನಾನು, ನನ್ನ ಹೆಂಡತಿ ಪದ್ಮ ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ಔಷಧಿ ಕಂಪನಿಯಲ್ಲಿ ಕೆಮಿಸ್ಟು. ಕೆಳಗಿನ ಮನೆಯಲ್ಲಿ ಕಾನರ್ ಇದ್ದ. ಐರ್ಲೆಂಡಿನ ಯಾವುದೋ ಕಡಲತೀರದ ಊರಿನವನು. ಕೆಂಪು ಕೂದಲು, ಕಾಲು ಸ್ವಲ್ಪ ಕುಂಟು. ಎಳೆಯ ವಯಸ್ಸಿಗೇ ಊರಿನ ಕ್ಲಬ್ಬಿಗೆ ಆಡಿ, ಆಮೇಲೆ ಇಂಗ್ಲೆಂಡಿನಲ್ಲಿ ಆಡಿ, ಅರವತ್ತರ ದಶಕದ ಕೊನೆಗೆ ನ್ಯೂಯಾರ್ಕಿಗೆ ಬಂದಿಳಿದಿದ್ದ. ಅಮೆರಿಕದಲ್ಲಿ ಪ್ರೊಫೆಷನಲ್ ಫುಟ್‌ಬಾಲ್ ಶುರುವಾಗುತ್ತಿದೆ, ಬಂದರೆ ರಾಜನ ಹಾಗೆ ಇರಬಹುದು ಎಂದು ಯಾರೋ ಆಸೆ ಹುಟ್ಟಿಸಿದ್ದರು. ಬಂದು ನೋಡಿದರೆ ಆಡಬೇಕಾದದ್ದು ಬೇಸ್‌ಬಾಲ್ ಮೈದಾನದಲ್ಲಿ. ನಡುವೆ, ಬೇಸ್‌ಬಾಲ್ ಎಸೆಯುವವನು ನಿಲ್ಲುವ ಒಂದು ಮಣ್ಣಿನ ದಿಬ್ಬ. ಅದನ್ನೂ ಒಬ್ಬ ಎದುರಾಳಿ ಎಂದೇ ತಿಳಿದು ಚೆಂಡನ್ನು ದಾಟಿಸಬೇಕಿತ್ತಂತೆ. ಪ್ರೇಕ್ಷಕರು ಎಷ್ಟು ಕಡಿಮೆ ಎಂದರೆ ಕೆಮ್ಮಿದವರು ಯಾರು ಎಂದು ಆಟಗಾರರಿಗೆಲ್ಲ ಗೊತ್ತಾಗುತ್ತಿತ್ತಂತೆ. ಆ ಟೀಮು ಮುಚ್ಚಿತು. ನ್ಯೂಜೆರ್ಸಿಯ ಇನ್ನೊಂದು ಟೀಮು ಸೇರಿದ, ಅದೂ ಮುಚ್ಚಿತು. ಮೂರನೆಯದು ಗಟ್ಟಿಯಾಗಿ ನಿಂತಿತು. ಆಗ ಇವನ ಮೊಣಕಾಲೇ ಕೈಕೊಟ್ಟಿತು.

ಆಮೇಲೆ ವುಡ್‌ಬ್ರಿಡ್ಜಿನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾ, ಎಲ್ಲಾದರೂ ಕೋಚ್ ಕೆಲಸ ಸಿಗುವುದೇ ಎಂದು ಹುಡುಕುತ್ತಿದ್ದ. ಮೊದಲ ಸಲ ನನ್ನ ಹತ್ತಿರ ಹಾಗೆಂದಾಗ ನನಗೆ ಅರ್ಥವೇ ಆಗಲಿಲ್ಲ. ನಮ್ಮ ಮೈಸೂರಿನಲ್ಲಿ ಕೋಚು ಎಂದರೆ ರೈಲಿನ ಡಬ್ಬಿ. ಇನ್ನು ಫುಟ್‌ಬಾಲ್ ಎಂಬ ಮಾತಿಗೂ ಈ ದೇಶದಲ್ಲಿ ಬೇರೆಯೇ ಅರ್ಥ. ಪದದ ಅವಯವಗಳಿಂದ ಬರುವ ಅರ್ಥ ಯೋಗ, ಬಳಕೆಯಿಂದ ನಿಂತ ಅರ್ಥ ರೂಢಿ ಎಂದು ನಮ್ಮ ಸಂಸ್ಕೃತದ ಮೇಷ್ಟರು ಹೇಳುತ್ತಿದ್ದರು. ಕೆಸರಿನಲ್ಲಿ ಹುಟ್ಟಿದ್ದೆಲ್ಲ ಪಂಕಜವಾಗುವುದಿಲ್ಲ, ತಾವರೆ ಮಾತ್ರ ಪಂಕಜ. ಸರಿ, ಒಪ್ಪೋಣ. ಆದರೆ ಕೋಳಿಮೊಟ್ಟೆಯ ಆಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದಕ್ಕೆ ಫುಟ್‌ಬಾಲ್ ಎಂದು ಹೆಸರಿಟ್ಟರೆ ಯಾವ ವ್ಯಾಕರಣ ಕಾಪಾಡೀತು? ನಾನು ಇದನ್ನೆಲ್ಲ ಕಾನರ್‌ಗೆ ವಿವರಿಸಿದೆ. ಅವನು ಗಂಭೀರವಾಗಿ ಕೇಳಿ, ಅಂದಿನಿಂದ ನನ್ನನ್ನು ಪ್ರೊಫೆಸರ್ ಎಂದು ಕರೆಯತೊಡಗಿದ.

ಒಂದು ಬೇಸಿಗೆಯ ಸಂಜೆ, ನಾವು ಕಾಫಿ ಕುಡಿಯುವ ಹೊತ್ತಿಗೆ ಬಾಗಿಲು ತಟ್ಟಿದ. ಹತ್ತಿರದ ಒಂದು ಸಣ್ಣ ಕಾಲೇಜಿಗೆ ಕೋಚ್ ಬೇಕಿತ್ತು. ಅಲ್ಲಿಯ ಡೀನ್ ವಿಚಿತ್ರ ಮನುಷ್ಯ. ನೀನು ಆಡಿದ್ದು ನನಗೆ ಬೇಡ, ಕಲಿಸುವುದು ಬರುತ್ತದೆಯೇ ತೋರಿಸು ಎಂದಿದ್ದನಂತೆ. ಕಾಲೇಜಿಗೆ ರಜೆ, ವಿದ್ಯಾರ್ಥಿಗಳೆಲ್ಲ ಊರಿಗೆ ಹೋಗಿದ್ದರು. ಯಾರನ್ನಾದರೂ ಕರೆದುಕೊಂಡು ಬಾ, ಎರಡು ವಾರ ಬಿಟ್ಟು ಶನಿವಾರ ನೋಡುತ್ತೇನೆ ಎಂದು ಗಡುವು ಕೊಟ್ಟಿದ್ದ. ಇದೂ ಆಗದಿದ್ದರೆ ಊರಿಗೆ ಹೋಗಿ ಅಣ್ಣನ ಬೇಕರಿಯಲ್ಲಿ ಕೂರುವುದು ಎಂದು ಕಾನರ್ ತೀರ್ಮಾನ ಮಾಡಿಬಿಟ್ಟಿದ್ದ. ಬನ್ನು ಮಾರುವ ಕಾನರ್‌ನನ್ನು ಊಹಿಸಿಕೊಳ್ಳಲು ನಮ್ಮಿಬ್ಬರಿಗೂ ಆಗಲಿಲ್ಲ.

"ಹನ್ನೊಂದು ಜನ ಬೇಕು ಪ್ರೊಫೆಸರ್," ಎಂದ. "ಆಡಲು ಬಾರದವರಾದರೆ ಇನ್ನೂ ಒಳ್ಳೆಯದು."

ಸರಿಯಾದ ಮನೆಗೇ ಬಂದಿದ್ದೀಯ ಎಂದೆ.

ಎಡಿಸನ್, ಸಮರ್‌ಸೆಟ್‌ಗಳಲ್ಲಿದ್ದ ಕನ್ನಡದವರಿಗೆಲ್ಲ ಫೋನ್ ಮಾಡಿದೆ. ಇಡ್ಲಿ ಇರುತ್ತದೆ ಎಂದ ಮೇಲೆ ಒಂಬತ್ತು ಜನ ಗಂಡಸರು ಒಪ್ಪಿದರು, ನನ್ನನ್ನೂ ಸೇರಿಸಿ ಹತ್ತಾಯಿತು. ಅವರಲ್ಲಿ ಹಿರಿಯರು ಧಾರವಾಡದ ಡಾಕ್ಟರ್ ಪಾಟೀಲರು. ವೃತ್ತಿಯಲ್ಲಿ ಅರಿವಳಿಕೆ ಕೊಡುವವರು. ಮೈದಾನದಲ್ಲಿ ನಿಂತರೆ ಅರಿವಳಿಕೆಯನ್ನು ತಾವೇ ತೆಗೆದುಕೊಂಡಿದ್ದಾರೇನೋ ಅನ್ನಿಸುತ್ತಿತ್ತು. ಹನ್ನೊಂದನೆಯವರು ಸಿಗದೆ ಪೇಚಾಡುತ್ತಿದ್ದಾಗ, ಕೆಳಗೆ ಅಂಗಳದಲ್ಲಿ ಕಾನರ್ ಒದೆಯುತ್ತಿದ್ದ ಚೆಂಡು ನಮ್ಮ ಬಾಲ್ಕನಿಗೆ ಹಾರಿತು. ಪದ್ಮ ಅದನ್ನು ಒಂದೇ ಕೈಯಲ್ಲಿ ಹಿಡಿದು, ನೆಟ್ಟಗೆ ಕಾನರ್‌ನ ಎದೆಗೆ ಬರುವಂತೆ ಎಸೆದಳು. ಅವನು ಚೆಂಡನ್ನೊಮ್ಮೆ ಅವಳನ್ನೊಮ್ಮೆ ನೋಡಿದ. ನನ್ನ ಹೆಂಡತಿ ಕಾಲೇಜಿನಲ್ಲಿ ಥ್ರೋಬಾಲ್ ಕ್ಯಾಪ್ಟನ್ ಆಗಿದ್ದಳೆಂದು ನನಗೆ ತಿಳಿದದ್ದು ಅವತ್ತೇ. ಮದುವೆಯಾಗಿ ಆರು ವರ್ಷವಾಗಿತ್ತು. ನೀವು ಕೇಳಲೇ ಇಲ್ಲವಲ್ಲ ರೀ, ಎಂದಳು.

ಮೊದಲ ನಾಲ್ಕು ದಿನ ಕಾನರ್ ನಮಗೆ ಚೆಂಡನ್ನೇ ಕೊಡಲಿಲ್ಲ. ಸುಮ್ಮನೆ ಮೈದಾನದಲ್ಲಿ ನಡೆಯಿರಿ, ಪಕ್ಕದವನು ಎಲ್ಲಿದ್ದಾನೆ ಎಂದು ನೋಡುತ್ತಾ ನಡೆಯಿರಿ ಎನ್ನುತ್ತಿದ್ದ. ಇಂಜಿನಿಯರುಗಳು ಕಾಗದದ ಮೇಲೆ ಬಾಣ ಗುರುತು ಹಾಕಿ ವಾದಕ್ಕೆ ನಿಂತರು. ಕಾನರ್ ಕಾಗದ ಇಸಿದುಕೊಂಡು, ಚೆನ್ನಾಗಿದೆ ಎಂದು ಹೊಗಳಿ, ಮಡಿಸಿ ಜೇಬಿನಲ್ಲಿಟ್ಟುಕೊಂಡ. ಯಾರನ್ನೂ ಗದರಿಸಿದ್ದು ನಾನು ಕಾಣೆ.

ಶನಿವಾರ ಬಂತು. ಎದುರಾಳಿಗಳು ಕಾನರ್‌ನ ಗೋದಾಮಿನ ಗೆಳೆಯರು. ಪೋಲೆಂಡು, ಇಟಲಿ ಕಡೆಯವರು, ನಡೆಯಲು ಕಲಿಯುವ ಮೊದಲೇ ಒದೆಯಲು ಕಲಿತವರು. ಡೀನ್ ಮಡಿಸುವ ಕುರ್ಚಿ ಹಾಕಿಕೊಂಡು, ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಕೂತ. ಪದ್ಮ ಸೀರೆಯ ಮೇಲೆ ನನ್ನ ತುಂಬುತೋಳಿನ ಶರ್ಟ್ ಹಾಕಿ, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಗೋಲಿನ ಮುಂದೆ ನಿಂತಳು.

ಮೊದಲರ್ಧದಲ್ಲಿ ಮೂರು ಗೋಲು ತಿಂದೆವು. ನಾಲ್ಕನೆಯದು ನನ್ನದು. ಚೆಂಡು ಅಪರೂಪಕ್ಕೆ ನನ್ನ ಕಾಲಿಗೇ ಬಂತು. ಆ ಸಂಭ್ರಮದಲ್ಲಿ ದಿಕ್ಕು ಮರೆತು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಒದ್ದೆ. ಚೆಂಡು ಚಂದದ ಬಿಲ್ಲಿನ ಹಾಗೆ ಬಾಗಿ, ಪದ್ಮಳ ತಲೆಯ ಮೇಲಿಂದ ಬಲೆಯೊಳಗೆ ಹೋಯಿತು. ಅವಳು ನನ್ನನ್ನು ನೋಡಿದ ನೋಟ ಮಾತ್ರ ಇವತ್ತಿಗೂ ಬೇಡ.

ವಿರಾಮದಲ್ಲಿ ನನಗೆ ತಲೆ ಎತ್ತಲಾಗಲಿಲ್ಲ. ಒಬ್ಬನ ಬಾಳುವೆಯನ್ನು ಒದ್ದು ಬೇಕರಿಗೆ ಕಳಿಸಿದೆನಲ್ಲ ಎಂದು ಕುಗ್ಗಿಹೋಗಿದ್ದೆ. ಕಾನರ್ ಕಿತ್ತಳೆ ಹಣ್ಣು ಹಂಚುತ್ತಾ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಹೊಡೆತ ತುಂಬಾ ಚೆನ್ನಾಗಿತ್ತು ಪ್ರೊಫೆಸರ್," ಎಂದ. "ದಿಕ್ಕೊಂದನ್ನು ಸರಿಮಾಡೋಣ."

ಅದೇನಾಯಿತೋ, ಎರಡನೆಯ ಅರ್ಧದಲ್ಲಿ ನಾವು ಒಬ್ಬರಿಗೊಬ್ಬರು ಕಾಣಿಸತೊಡಗಿದೆವು. ನಾನು ಕೊಟ್ಟೆ, ಅವರು ಇಸಿದುಕೊಂಡರು, ಇನ್ನೊಬ್ಬರಿಗೆ ಕೊಟ್ಟರು. ಚೆಂಡು ಎದುರಾಳಿಗಳನ್ನು ಮುಟ್ಟದೆ ಆರು ಜನ ಕನ್ನಡಿಗರ ಕಾಲು ದಾಟಿತು. ಮದುವೆ ಊಟದಲ್ಲಿ ಬಡಿಸುವವರ ಕೈಯಿಂದ ಕೈಗೆ ಹೋಗುವ ಅನ್ನದ ಪಾತ್ರೆಯಂತೆ ಹೋಯಿತು. ಪದ್ಮ ಬಂದದ್ದನ್ನೆಲ್ಲ ಹಿಡಿದಳು, ಎರಡು ಸಲ ಬಿದ್ದು ಹಿಡಿದಳು. ಕೊನೆಗೆ ಯಾರೋ ಮೇಲೆ ಹೊಡೆದ ಚೆಂಡು ಡಾಕ್ಟರ್ ಪಾಟೀಲರ ಬೋಳುತಲೆಗೆ ಬಡಿದು ಗೋಲಿನೊಳಗೆ ಹೋಯಿತು. ಕುರ್ಚಿಯಲ್ಲಿದ್ದ ಡೀನ್ ಟೋಪಿ ತೆಗೆದು ಎದ್ದು ನಿಂತ. ಡಾಕ್ಟರು ತಲೆ ಸವರಿಕೊಳ್ಳುತ್ತಾ ನನ್ನ ಕಡೆ ತಿರುಗಿ, "ನಾ ಬೇಕಂತನ ಹೊಡದೀನಿ, ತಿಳೀತಿಲ್ಲೋ?" ಎಂದರು. ಅದನ್ನೇ ಮುಂದೆ ಇಪ್ಪತ್ತು ವರ್ಷ ಹೇಳಿದರು.

ಒಂದಕ್ಕೆ ನಾಲ್ಕರಲ್ಲಿ ಸೋತೆವು. ಡೀನ್ ಕಾನರ್‌ನನ್ನು ಬಿಟ್ಟು ಸೀದಾ ನನ್ನ ಹತ್ತಿರ ಬಂದ. ಎಷ್ಟು ದಿನದಿಂದ ಆಡುತ್ತಿದ್ದೀರಿ ಎಂದು ಕೇಳಿದ. ಎರಡು ವಾರ ಎಂದೆ. ನೀವು ನಿಮ್ಮ ಬಲೆಗೇ ಆ ಗೋಲು ಹೊಡೆದಾಗ ನಿಮ್ಮ ಕೋಚ್ ಏನೆಂದರು ಎಂದು ಕೇಳಿದ. ಅಂದದ್ದನ್ನು ಅಂದ ಹಾಗೇ ಹೇಳಿದೆ. ದೊಡ್ಡ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕಾನರ್‌ನ ಹೆಗಲ ಮೇಲೆ ಕೈಹಾಕಿಕೊಂಡು ಮೈದಾನದ ಆಚೆ ತುದಿಗೆ ಹೋದ. ತಿರುಗಿ ಬರುವಾಗ ಕಾನರ್ ಕುಂಟುತ್ತಲೇ ಓಡಿಬಂದ. ಅವನಿಗೆ ಕೆಲಸ ಸಿಕ್ಕಿತ್ತು. ಪದ್ಮ ಅವನ ಕೈಗೆ ಆರು ಇಡ್ಲಿಯ ತಟ್ಟೆ ಕೊಟ್ಟಳು. ನಿಂತಲ್ಲೇ ಅಳುತ್ತಾ, ನಗುತ್ತಾ, ಆರನ್ನೂ ತಿಂದ.

ಆ ಕಾಲೇಜಿನಲ್ಲಿ ಅವನು ತಲೆ ನರೆಯುವವರೆಗೂ ಇದ್ದ. ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಅವನ ಶಿಷ್ಯರು ಯಾರೂ ಆಟ ಬಿಟ್ಟು ಹೋಗಲಿಲ್ಲ ಎಂದು ಡೀನ್ ಹೇಳುತ್ತಿದ್ದನಂತೆ.

ನನ್ನ ವಿಷಯಕ್ಕೆ ಬಂದರೆ, ಸೋಮವಾರ ಆಫೀಸಿನ ಮೆಟ್ಟಿಲು ಹತ್ತಲಾಗದೆ ಕಂಬಿ ಹಿಡಿದು ನಿಂತಿದ್ದೆ. ಸಹೋದ್ಯೋಗಿಯೊಬ್ಬ ಏನಾಯಿತು ಎಂದು ವಿಚಾರಿಸಿದ. ಫುಟ್‌ಬಾಲ್ ಇಂಜುರಿ ಎಂದೆ. ಆ ಎರಡು ಮಾತು ಬಾಯಿಂದ ಹೊರಟಾಗ ಆದ ಸುಖ ನನಗೆ ಯಾವ ಪ್ರಮೋಷನ್ನಿನಲ್ಲೂ ಆಗಿಲ್ಲ. ನೋವು ಬುಧವಾರಕ್ಕೇ ಹೋಯಿತು. ಮುಂದಿನ ಸೋಮವಾರದವರೆಗೂ ಕುಂಟಿದೆ.