ನೆರಳು ನನಗೆ, ಎಲೆ ಗಿರಿಜವ್ವನಿಗೆ

ನಮ್ಮ ಮನೆಯ ಮುಂದೆ ಒಂದು ಬೇವಿನ ಮರವಿದೆ. ಆದರೆ ನಮ್ಮ ಅಂಗಳದಲ್ಲಿ ಬೇವಿನ ಎಲೆ ಬೀಳುವುದಿಲ್ಲ. ಇದು ಒಗಟಲ್ಲ, ಗಾಳಿಯ ಕಿತಾಪತಿ. ಕಪ್ಪತಗುಡ್ಡದ ನೆತ್ತಿಯ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳ ರೆಕ್ಕೆ ತಿರುಗಿಸಿ ವಿದ್ಯುತ್ತು ಹುಟ್ಟಿಸುವಂಥ ಸಭ್ಯ ಗಾಳಿ, ಬೆಟಗೇರಿಯ ನಮ್ಮ ಓಣಿಯನ್ನು ಹೊಕ್ಕೊಡನೆ ಪುಂಡನಾಗುತ್ತದೆ. ಚಳಿ ಕಳೆದು ಬಿಸಿಲೇರಿತೆಂದರೆ ಸಾಕು, ಮರದ ಹಣ್ಣೆಲೆಗಳನ್ನೆಲ್ಲ ಬಾಚಿ ಮಡಿಲಿಗೆ ತುಂಬಿಕೊಂಡು, ನಮ್ಮ ಹೊಸ್ತಿಲಿಗೆ ಮಾತ್ರ ದೂರದಿಂದಲೇ ನಮಸ್ಕರಿಸಿ, ಎದುರುಮನೆಯ ಗಿರಿಜವ್ವನ ಅಂಗಳಕ್ಕೆ ಹೋಗಿ ಸುರಿದುಬಿಡುತ್ತದೆ. ಮರದ ಬುಡ ನನ್ನದು, ನೆರಳು ನನ್ನದು, ಸಂಜೆಯ ತಂಪೂ ನನ್ನದು, ಎಲೆ ಗಿರಿಜವ್ವನದು. ಇಷ್ಟು ಲಾಭದಾಯಕವಾದ ಹಿಸ್ಸೆ ನನಗೆ ನನ್ನ ಒಡಹುಟ್ಟಿದವರಿಂದಲೂ ದಕ್ಕಿಲ್ಲ.

ಹೀಗೆ ಕಸವಿಲ್ಲದ ಅಂಗಳದ ಒಡೆಯನಾದ ನಾನು, ನೂಕಿಕೊಂಡು ಹಿಂದೆ ಹಿಂದೆ ನಡೆಯುವಂಥ, ಎಲೆ ಹೀರುವ ಯಂತ್ರವೊಂದನ್ನು ಕೊಳ್ಳಬೇಕೋ ಬೇಡವೋ ಎಂಬ ಜಿಜ್ಞಾಸೆಯಲ್ಲಿ ಈ ಬೇಸಿಗೆಯನ್ನು ಕಳೆದೆನೆಂದರೆ, ಓದುಗ ಮಹಾಶಯರೇ, ನಿಮಗೆ ನನ್ನ ಬುದ್ಧಿಯ ಬಗ್ಗೆ ಅನುಮಾನ ಬರುವುದು ಸಹಜ. ನನಗೂ ಬಂದಿದೆ. ಆದರೆ ಚಿಂತೆ ನನ್ನ ಸ್ವಭಾವವಷ್ಟೇ ಅಲ್ಲ, ಕಸುಬು ಕೂಡ. ನಾನು ವಿಮೆಯ ಏಜೆಂಟ. ಶಿರಹಟ್ಟಿಯಿಂದ ಮುಂಡರಗಿಯವರೆಗೆ ನಿಶ್ಚಿಂತರಾಗಿ ಚಹಾ ಕುಡಿಯುತ್ತ ಕೂತವರ ಪಕ್ಕದಲ್ಲಿ ಕೂತು, ಅವರ ಕಪ್ಪುಬಸಿ ಬರಿದಾಗುವುದರೊಳಗೆ ಅವರ ಎದೆಯಲ್ಲೊಂದು ಚಿಂತೆಯ ಬೀಜ ಬಿತ್ತಿ ಬರುವುದು ನನ್ನ ನಿತ್ಯದ ಕಾಯಕ. ಬಿತ್ತುವವನ ಉಡಿಯಲ್ಲಿ ಬೀಜ ಸದಾ ಇರಲೇಬೇಕಲ್ಲ.

ಈ ಸಲದ ಬೀಜ ಸಂಡಿಗೆಯಿಂದ ಬಂತು. ಗಿರಿಜವ್ವ ನೇಕಾರರ ಮನೆಯಾಕೆ. ಕೈಮಗ್ಗ ನಿಂತು ಅದರ ಕಟ್ಟಿಗೆಯೆಲ್ಲ ಅಟ್ಟ ಸೇರಿದ ಮೇಲೆ, ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ ಮಾಡಿ ಮಾರಿ, ವರ್ಷದ ಬದುಕಿಗೆ ಅದನ್ನೇ ಆಧಾರ ಮಾಡಿಕೊಂಡವಳು. ಸಂಡಿಗೆ ಒಣಗುವ ಋತುವೂ ಬೇವು ಎಲೆ ಉದುರಿಸುವ ಋತುವೂ ಒಂದೇ ಆಗಿರುವುದು ಸೃಷ್ಟಿಕರ್ತನ ಹಾಸ್ಯಪ್ರಜ್ಞೆಗೆ ಸಾಕ್ಷಿ. ಹಸಿ ಸಂಡಿಗೆಯ ಮೇಲೆ ಕೂತ ಎಲೆ ಅದರೊಳಗೇ ಅಂಟಿ ಒಣಗಿ, ಡಬ್ಬಿಯಲ್ಲಿ ಅಜ್ಞಾತವಾಸ ಮುಗಿಸಿ, ಕಾದ ಎಣ್ಣೆಯಲ್ಲಿ ಸಂಡಿಗೆ ಅರಳಿದಾಗಲೇ ಪ್ರಕಟವಾಗುತ್ತದೆ. ಈ ವರ್ಷ ಅದು ಲಕ್ಷ್ಮೇಶ್ವರದ ಗಿರಾಕಿಯೊಬ್ಬರ ಮನೆಯಲ್ಲಿ, ಕನ್ಯೆ ನೋಡಲು ಬಂದವರ ಪಂಕ್ತಿಯಲ್ಲಿ, ವರನ ಸೋದರಮಾವನ ಬಾಯಲ್ಲೇ ಪ್ರಕಟವಾಯಿತಂತೆ. ಸಂಬಂಧವೇನೋ ಕುದುರಿತು, ಆ ಮದುವೆಯ ಸಂಡಿಗೆ ಮಾತ್ರ ಗಿರಿಜವ್ವನ ಕೈತಪ್ಪಿತು.

ಮರುದಿನ ಮುಂಜಾನೆ ಗಿರಿಜವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಮ್ಮ ಕಟ್ಟೆಯ ಮುಂದೆ ಬಂದು ನಿಂತಳು. ಮನಸ್ಸು ಚೆನ್ನಾಗಿದ್ದಾಗ ಅವಳು ನನ್ನನ್ನು ‘ತಮ್ಮಾ’ ಎನ್ನುತ್ತಾಳೆ.

“ಏಜೆಂಟ್ರ,” ಎಂದಳು. ಕೂತಿದ್ದ ನಾನು ಎದ್ದು ನಿಂತೆ. “ನೆರಳು ನಿಮಗ, ಎಲಿ ನಮಗ. ಇದ್ಯಾವ ಊರ ನ್ಯಾಯ್ರಿ?”

“ಅಕ್ಕಾರ, ಗಾಳಿ ನನ್ನ ಮಾತು ಕೇಳತೈತೇನ್ರಿ?”

“ಗಾಳಿ ಕೇಳೂದಿಲ್ಲ ಬಿಡ್ರಿ. ಕೊಡ್ಲಿ ಕೇಳತೈತಿ. ನಮ್ಮ ಕಡೆ ಚಾಚಿದ ಆ ದೊಡ್ಡ ಟೊಂಗಿ ಕಡಸ್ರಿ.”

“ಯುಗಾದಿ ಬಂತಲ್ರಿ. ಇಡೀ ಓಣಿಗೆ ಬೇವು ಇದ ಗಿಡದಿಂದ ಹೋಗಬೇಕು.”

“ಅದಕ್ಕ ಯುಗಾದಿ ಮರುದಿನ ಕಡಸ್ರಿ ಅಂತ ಹೇಳಾಕ ಬಂದೀನಿ. ಅಷ್ಟೂ ತಿಳೀಲಾರದಾಕಿ ಅಲ್ಲ ನಾ.”

ನನ್ನ ಕಟ್ಟೆಗೆ ನೆರಳು ಕೊಡುವುದು ಅದೇ ಟೊಂಗೆ. ಅದು ಹೋದರೆ ಕಟ್ಟೆ ಬಿಸಿಲಿಗೆ ಬೀಳುತ್ತದೆ. ಕಟ್ಟೆ ಬಿಸಿಲಿಗೆ ಬಿದ್ದರೆ ನಾನು ಕೂತು ಚಿಂತಿಸುವುದೆಲ್ಲಿ? ಮರವನ್ನು ನಾನು ನೆಟ್ಟದ್ದಲ್ಲ. ಯಾವುದೋ ಕಾಗೆ ಎಲ್ಲಿಯೋ ಬೇವಿನ ಹಣ್ಣು ತಿಂದು, ನಮ್ಮ ಗೋಡೆಯ ಮೇಲೆ ಕೂತು ವಿಶ್ರಾಂತಿ ಪಡೆದದ್ದರ ಫಲ ಅದು. ಪುಕ್ಕಟೆ ಬಂದದ್ದರ ಮೇಲೆಯೇ ಮನುಷ್ಯನಿಗೆ ಮಮಕಾರ ಹೆಚ್ಚು. ಎಲೆಯನ್ನೇ ನಿವಾರಿಸಿಬಿಟ್ಟರೆ ಟೊಂಗೆ ಉಳಿಯಬಹುದೆಂಬ ಆಸೆಯಿಂದ ಮೊಬೈಲು ತೆರೆದು ಒಂದೇ ಒಂದು ಸಲ ಹುಡುಕಿದೆ. ಅಂದಿನಿಂದ ಆ ಯಂತ್ರದ ಜಾಹೀರಾತು ನನ್ನನ್ನು, ನಾನು ಪಾಲಿಸಿ ಮಾಡದವರ ಬೆನ್ನು ಹತ್ತುವಂತೆ, ಬೆನ್ನು ಹತ್ತಿತು. ಯಾವುದೋ ದೇಶದ ಹಸಿರು ಹುಲ್ಲುಹಾಸಿನ ಮೇಲೆ ಟೊಪ್ಪಿಗೆಯ ಮಹನೀಯನೊಬ್ಬ, ಸಾಕಿದ ಎತ್ತಿನ ಹಿಂದೆ ಹೋದಂತೆ ಯಂತ್ರದ ಹಿಂದೆ ನಿಧಾನವಾಗಿ ನಡೆಯುತ್ತಾನೆ. ಎಲೆಗಳು ಮುಂದಿನ ಬಾಯಿಂದ ಒಳಹೊಕ್ಕು ಹಿಂದಿನ ಚೀಲದಲ್ಲಿ ಅಂತರ್ಧಾನವಾಗುತ್ತವೆ. ಆ ದೃಶ್ಯದಲ್ಲಿ ಗಾಳಿ ಇರಲಿಲ್ಲ. ಗಿರಿಜವ್ವನೂ ಇರಲಿಲ್ಲ.

ಬೆಲೆ ನೋಡಿ ಕಣ್ಣು ಮುಚ್ಚಿಕೊಂಡೆ. ಮುಚ್ಚಿದ ಕಣ್ಣೊಳಗೆ ಚಿಂತೆಗಳು ಸಾಲುಗಟ್ಟಿದವು. ಯಂತ್ರದ ಸದ್ದಿಗೆ ಓಣಿಯ ಎಮ್ಮೆಗಳು ಹಾಲು ಕೊಡದೆ ಏರಿಸಿಕೊಂಡರೆ? ಗಿರಿಜವ್ವನ ಬೆಕ್ಕಿನ ಬಾಲ ಒಳಹೋದರೆ? ನನ್ನ ಮರದ ಎಲೆಯನ್ನು ಅವಳ ಅಂಗಳದಲ್ಲಿ ನಾನೇ ನಿಂತು ಹೀರಿಸಿದರೆ, ಅದು ನಾಳೆ ಪಂಚರ ಮುಂದೆ ತಪ್ಪೊಪ್ಪಿಗೆ ಎನಿಸಿಕೊಂಡರೆ? ಎಲ್ಲಕ್ಕಿಂತ ಭಯಂಕರವಾದ ಚಿಂತೆ ಕೊನೆಗೆ ಬಂತು: ಯಂತ್ರ ನಿಜಕ್ಕೂ ಕೆಲಸ ಮಾಡಿದರೆ? ಆಗ ಇಡೀ ಓಣಿಯ ಅಂಗಳಗಳು ನನ್ನ ಪಾಲಿಗೇ ಬರುವುದಿಲ್ಲವೆ?

ನನ್ನ ಮಡದಿ ಸರೋಜಾಳಿಗೆ ಇಂಥ ದೂರದೃಷ್ಟಿ ಇಲ್ಲ. “ಅಲ್ರೀ, ಅಡಗಿಮನ್ಯಾಗ ಇದ್ದ ಮಿಕ್ಸರ್ ರಿಪೇರಿ ಮಾಡಸಾಕ ಆಗವಲ್ತು ನಿಮಗ. ಅಂಗಳದಾಗ ಇಲ್ಲದ ಎಲಿಗೆ ಮಷೀನ್ ತರ್ತೀರಿ?” ಎಂದಳು. ತರ್ಕಶುದ್ಧವಾದ ಮಾತು, ಆದ್ದರಿಂದಲೇ ಮುಂಡರಗಿಯ ಬಸ್ಸು ಹತ್ತಿದೆ.

ಮುಂಡರಗಿಯಲ್ಲಿ ನನ್ನ ಬಾಲ್ಯದ ಗೆಳೆಯ ಮಲ್ಲೇಶಿ ಕಲ್ಯಾಣಮಂಟಪವೊಂದನ್ನು ನಡೆಸುತ್ತಾನೆ. ಅಂಥದೇ ಯಂತ್ರವನ್ನು ಅವನು ಹಿಂದಿನ ವರ್ಷ ತರಿಸಿದ್ದಾನೆಂದು ಕೇಳಿದ್ದೆ. ನಾನು ನೋಡಬೇಕೆಂದ ಕೂಡಲೇ ಅವನು ತೋರಿದ ಆದರ, ಗಂಡು ಕಡೆಯವರು ತಾವಾಗಿಯೇ ಮನೆ ಹುಡುಕಿಕೊಂಡು ಬಂದಾಗ ಕನ್ಯಾಪಿತೃ ತೋರುವಂಥದು. ಅದು ಅನುಮಾನಕ್ಕೆ ಎಡೆಗೊಡಬೇಕಿತ್ತು. ಆದರೆ ಎಲ್ಲದರ ಮೇಲೂ ಅನುಮಾನಪಡುವವನ ದುರ್ದೈವವೆಂದರೆ, ನಿಜವಾಗಿ ಅನುಮಾನಿಸಬೇಕಾದ ಕಡೆ ಅವನು ದಣಿದಿರುತ್ತಾನೆ. ಮಂಟಪದ ಹಿಂದಿನ ಗಟ್ಟಿ ನೆಲದ ಮೇಲೆ ಮಲ್ಲೇಶಿ ಯಂತ್ರವನ್ನು ನೂಕಿದ. ಒಣ ಎಲೆ, ಅಕ್ಷತೆ, ಬಾಡಿದ ಚೆಂಡುಹೂವು ಎಲ್ಲ ಮಾಯ.

“ಲೇ, ಬರೇ ಎಲಿ ಅಲ್ಲಲೇ,” ಎಂದ, “ಮದುವಿ ಮುಗದ ಮ್ಯಾಲ ಬೀಗರು ಬಿಟ್ಟುಹೋದ ಸಿಟ್ಟನ್ನೂ ಎಳಕೊಂತೈತಿ ಇದು. ಐತವಾರ ನಾನ ತರ್ತೀನಿ, ನಿಮ್ಮ ಅಂಗಳದಾಗ ಹೊಡದು ನೋಡು. ಸೇರಿದ್ರ ಇಟ್ಕೊ. ಒಂದ ಮಾತು, ಎಲಿ ಒಣಗಿರಬೇಕು.”

ಊರಿಗೆ ಬಂದು ಗಿರಿಜವ್ವನೊಂದಿಗೆ ಕರಾರು ಮಾಡಿಕೊಂಡೆ. ಯಂತ್ರ ಎಲೆ ಎತ್ತಿದರೆ ಟೊಂಗೆ ಉಳಿಯಬೇಕು. ಎತ್ತದಿದ್ದರೆ ಯುಗಾದಿಯ ಮರುದಿನ ಕೊಡಲಿ. ಅವಳು ಒಪ್ಪಿದಳು. ಆಮೇಲೆ ಒಂದು ಅವಮಾನಕರ ಸಂಗತಿ ಹೊಳೆಯಿತು: ಪರೀಕ್ಷೆ ಮಾಡಲು ನಮ್ಮ ಅಂಗಳದಲ್ಲಿ ಎಲೆಯೇ ಇಲ್ಲ! ಕೊನೆಗೆ ಗಿರಿಜವ್ವನಿಂದಲೇ ಬುಟ್ಟಿತುಂಬ ಎಲೆಯನ್ನು ಕಡ ತರಬೇಕಾಯಿತು. “ನಿಮ್ಮವ ಅದಾವ, ಒಯ್ರಿ,” ಎಂದು ಅವಳು ಕೊಟ್ಟ ರೀತಿಯಲ್ಲಿ ಔದಾರ್ಯಕ್ಕಿಂತ ವ್ಯಂಗ್ಯವೇ ತೂಕವಾಗಿತ್ತು.

ಆದಿತ್ಯವಾರ ಮುಂಜಾನೆ ಮಲ್ಲೇಶಿ ಸಾಮಾನಿನ ಆಟೋದಲ್ಲಿ ಯಂತ್ರ ಇಳಿಸಿದ. ಓಣಿಯ ಜನವೆಲ್ಲ ನೆರೆದರು. ನಾನು ಎಣಿಸಿದ್ದ ವಿಪತ್ತುಗಳಲ್ಲಿ ಎಮ್ಮೆ ಇತ್ತು, ಬೆಕ್ಕು ಇತ್ತು, ಪಂಚರಿದ್ದರು, ಸರೋಜಾ ಇರಲಿಲ್ಲ. ನಾನು ಒಳಗೆ ಅಂಗಿ ಬದಲಿಸುತ್ತಿದ್ದಾಗ ಅವಳು, ಹೊಸ ವಸ್ತು ಮನೆಗೆ ಬರುವಾಗ ಅಂಗಳ ಒಣಗಿರಬಾರದೆಂದು, ದಿನದ ರೂಢಿಯಂತೆ ಕೊಡದ ನೀರನ್ನು ಕೈಯಿಂದ ಚಿಮುಕಿಸಿ ಥಳಿ ಹೊಡೆದು, ನಾನು ಹರವಿಟ್ಟಿದ್ದ ಎಲೆಗಳ ನಡುವೆಯೇ ಜಾಗ ಮಾಡಿ ರಂಗೋಲಿ ಎಳೆದು, ಯಂತ್ರಕ್ಕೆ ಕುಂಕುಮ ಹಚ್ಚಿ, ಗಾಲಿಯ ಮುಂದೆ ನಿಂಬೆಹಣ್ಣು ಇಟ್ಟು, ಆರತಿ ಹಿಡಿದು ನಿಂತಿದ್ದಳು. ಹತ್ತಿ ಬೆಳೆಯುವ ನಮ್ಮ ಕರಿಮಣ್ಣಿಗೆ ನೀರು ತಾಗಿದರೆ ಏನಾಗುತ್ತದೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಚಪ್ಪಲಿಯನ್ನೇ ಬಿಡದ ಮಣ್ಣು ಎಲೆಯನ್ನು ಬಿಟ್ಟೀತೇ?

“ನೀರು ಯಾಕ ಹೊಡದ್ಯವ್ವಾ?” ಎಂದು ಮಲ್ಲೇಶಿ ಹಣೆ ಬಡಿದುಕೊಂಡ.

“ಥಳಿ ಹೊಡೀದ ಕಸ ಹೊಡೀತಾರೇನ್ರಿ ಯಾರರ? ಏನು ಸೂತಕದ ಮನೀನ ಇದು?” ಎಂದಳು ಸರೋಜಾ. ನೆರೆದ ಹೆಂಗಸರೆಲ್ಲ ಅವಳ ಪಕ್ಷ.

ಯಂತ್ರ ಗರ್ಜಿಸಿತು. ನಿಂಬೆಹಣ್ಣನ್ನು ನುಂಗಿತು; ರಂಗೋಲಿಯ ಒಣ ಪುಡಿಯನ್ನು ನೆಕ್ಕಿ ಹಿಂದಿನಿಂದ ಬಿಳಿಯ ಹೊಗೆ ಬಿಟ್ಟಿತು; ಎಲೆ ಮಾತ್ರ ಒಂದೂ ಅಲುಗಲಿಲ್ಲ. ಓಣಿ ನಕ್ಕಿತು. ನಾನು ತಲೆಯೆತ್ತಿ ಟೊಂಗೆಯನ್ನು ನೋಡಿದೆ. ಅದರ ಆಯುಷ್ಯ ಯುಗಾದಿಗೆ ಮುಗಿಯುತ್ತಿತ್ತು, ಅದಕ್ಕೆ ಯಾವ ವಿಮೆಯೂ ಇರಲಿಲ್ಲ. ಆ ಸಂಕಟದಲ್ಲಿ ನನಗೆ ಹೊಳೆದದ್ದು ಒಂದೇ: ಒಣ ಎಲೆ ಎದುರಿನ ಅಂಗಳದಲ್ಲಿದೆ. ಯಂತ್ರವನ್ನು ತಿರುಗಿಸಿ ಓಣಿ ದಾಟಿಸಿದೆ. ಗಿರಿಜವ್ವ ಬೇಡ ಬೇಡವೆಂದು ಕೈಯಾಡಿಸಿದ್ದು, ಆ ಗರ್ಜನೆಯಲ್ಲಿ, ಬಾ ಬಾ ಎಂದಂತೆಯೇ ಕಂಡಿತು.

ಕ್ಷಣಕಾಲ, ನಂಬಿ, ಅದು ಸ್ವರ್ಗ. ಎಲೆಗಳು ಸರಸರನೆ ಒಳಹೋದವು, ನಾನು ಆ ಟೊಪ್ಪಿಗೆಯ ಮಹನೀಯನಂತೆಯೇ ನಡೆದೆ. ಎಲೆಗಳ ಹಿಂದೆಯೇ ಸಂಡಿಗೆ ಇತ್ತು. ಹಾಸಿದ ಹಳೆಯ ಸೀರೆಯ ಅಂಚಿನ ಸಂಡಿಗೆಗಳು ಟಪಟಪನೆ ಮೇಲೆದ್ದು ಮಾಯವಾದವು. ಅವುಗಳ ಹಿಂದೆ ಸೀರೆಯ ಸೆರಗು ಯಂತ್ರದ ಬಾಯಿ ಸೇರಿತು. ನೆರೆದ ಸಭೆಯ ನಡುವೆ ಸೀರೆ ಸೆಳೆದವರ ಗತಿ ಏನಾಯಿತೆಂದು ಪುರಾಣ ಕೇಳಿ ಬೆಳೆದ ನನಗೆ ಗೊತ್ತಿತ್ತು. ಆದರೆ ಯಂತ್ರ ನಿಲ್ಲಿಸುವ ಗುಂಡಿ ಯಾವುದೆಂದು ಗೊತ್ತಿರಲಿಲ್ಲ. ಯಂತ್ರ ಎಳೆಯಿತು. ಸೀರೆ ಬರಲಿಲ್ಲ, ಇನ್ನೊಂದು ತುದಿಯನ್ನು ಗಿರಿಜವ್ವ ಎರಡೂ ಕೈಯಲ್ಲಿ ಹಿಡಿದು ಹಿಮ್ಮಡಿ ಊರಿ ನಿಂತಿದ್ದಳು. ಯಂತ್ರ ಕೆಮ್ಮಿತು, ನರಳಿತು, ಸುಟ್ಟ ವಾಸನೆ ಬಿಟ್ಟು ನಿಂತೇಹೋಯಿತು.

ನಾನು ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ಗಿರಿಜವ್ವ ನನ್ನತ್ತ ನೋಡಲೇ ಇಲ್ಲ. ಮಂಡಿಯೂರಿ ಕೂತು, ಹೆರಿಗೆ ಮಾಡಿಸುವ ಸೂಲಗಿತ್ತಿಯ ಜಾಗ್ರತೆಯಿಂದ ಸೆರಗನ್ನು ಯಂತ್ರದ ಬಾಯಿಂದ ಬಿಡಿಸಿ, ಕೊಡವಿ, ಬಿಸಿಲಿಗೆ ಎತ್ತಿ ಹಿಡಿದಳು. ಹೊಲಸಾಗಿತ್ತು, ಮುದ್ದೆಯಾಗಿತ್ತು, ಹರಿದಿರಲಿಲ್ಲ.

“ನೋಡ್ರಿ ಬೇ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. “ಒಂದು ಎಳಿ ಹರದಿಲ್ಲ! ನಮ್ಮ ಮಗ್ಗದ ಸೀರಿ ಇದು. ನಾನೂ ನಮ್ಮ ಮನಿಯವರೂ ಕೂಡಿ ನೇದದ್ದು. ಮಷೀನ ಸತ್ತು ಬಿತ್ತು ನೋಡ್ರಿ, ಸೀರಿ ಹಂಗ ಐತಿ!”

ಹೆಂಗಸರೆಲ್ಲ ಮುಂದೆ ಬಂದು ಸೆರಗನ್ನು ಮುಟ್ಟಿ, ಎಳೆದು, ತಲೆದೂಗಿದರು. ಮಗ್ಗ ಅಟ್ಟ ಸೇರಿದ ಮೇಲೆ ಅವಳ ನೇಯ್ಗೆಯನ್ನು ಯಾರೂ ಹೀಗೆ ಕೈಗೆತ್ತಿಕೊಂಡು ನೋಡಿರಲಿಲ್ಲವೇನೋ. ಅವಳ ಮುಖದಲ್ಲಿ, ಸಂಡಿಗೆ ಹೋದ ದುಃಖವನ್ನು ಪಕ್ಕಕ್ಕೆ ಸರಿಸಿ, ಕುಸ್ತಿ ಗೆದ್ದ ಪೈಲವಾನನ ಕಳೆ ಮೂಡಿತ್ತು. ಗೆದ್ದವರಷ್ಟೇ ಕ್ಷಮಿಸಬಲ್ಲರೆಂಬ ಸತ್ಯವನ್ನು ನಾನು ಅಂದು ಯಂತ್ರದ ಪಕ್ಕದಲ್ಲಿ ನಿಂತು ಕಲಿತೆ. ಆ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದಳು.

“ತಮ್ಮಾ,” ಎಂದಳು. ನನಗೆ ಹೋದ ಜೀವ ಬಂತು. “ಹೋದ ಸಂಡಗಿಗೆ ಅಕ್ಕಿ ನೀ ಕೊಡು. ಇನ್ನ ಮ್ಯಾಲ ನನ್ನ ಸಂಡಗಿ ಒಣಗೂತನಕ ಕೋಲು ಹಿಡದು ಕಾಗಿ ಕಾಯಾಕ ನೀ ಬರಬೇಕು. ಎಲಿ ಬಿದ್ರ ಆರಿಸಿ ತಗೀಬೇಕು. ನೀ ಇರೂತನಕ ಟೊಂಗಿ ಇರತೈತಿ.”

“ಆತ್ರಿ ಅಕ್ಕಾರ,” ಎಂದೆ. ಜೀವನದಲ್ಲಿ ಇಷ್ಟು ಬೇಗ ನಾನು ಯಾವ ಪಾಲಿಸಿಗೂ ಸಹಿ ಮಾಡಿದವನಲ್ಲ.

ಮಲ್ಲೇಶಿ ಯಂತ್ರವನ್ನು ಮರಳಿ ಆಟೋಕ್ಕೇರಿಸುವಾಗ ಮುಖ ಹುಳ್ಳಗೆ ಮಾಡಿಕೊಂಡು, ತನ್ನ ಮಂಟಪದಲ್ಲೂ ಅದು ಮೊದಲ ಮದುವೆಯಲ್ಲೇ ಶಾಮಿಯಾನದ ಬಟ್ಟೆ ನುಂಗಿತ್ತೆಂಬ ಗುಟ್ಟನ್ನು ಬಿಟ್ಟುಕೊಟ್ಟ. ಆದ್ದರಿಂದ, ಓದುಗರೇ, ಅಂಥ ಯಂತ್ರ ಕೊಳ್ಳಬೇಕೆ ಎಂದು ನೀವು ಕೇಳಿದರೆ ನನ್ನ ವಿನಮ್ರ ಸಲಹೆ ಹೀಗಿದೆ: ನಿಮ್ಮ ನೆಲ ಗಟ್ಟಿಯಾಗಿದ್ದರೆ, ಎಲೆ ಒಣಗಿದ್ದರೆ, ಮನೆಯಾಕೆ ಥಳಿ ಹೊಡೆಯದವಳಾಗಿದ್ದರೆ, ಎದುರುಮನೆಯಲ್ಲಿ ಸಂಡಿಗೆ ಹಾಕುವವರು ಇಲ್ಲದಿದ್ದರೆ ಅವಶ್ಯ ಕೊಳ್ಳಿರಿ. ಮಲ್ಲೇಶಿಯ ಬಳಿ ಒಂದಿದೆ.

ಯುಗಾದಿ ಬಂತು, ಓಣಿಯೆಲ್ಲ ಬೇವು ಕೊಯ್ದು ಬೆಲ್ಲದೊಡನೆ ಮೆದ್ದಿತು, ಮರುದಿನ ಕೊಡಲಿ ಬರಲಿಲ್ಲ. ಈಗ ನಾನು ಪಾಲಿಸಿದಾರರ ಮನೆಗೆ ಹೊರಡುವ ಮೊದಲು ಬೆಳಗಿನ ಹೊತ್ತು ಗಿರಿಜವ್ವನ ಸಂಡಿಗೆಯ ಬಳಿ ಇರುತ್ತೇನೆ. ಮರವನ್ನು ಬಿತ್ತಿದ ಕಾಗೆಯ ವಂಶಸ್ಥರನ್ನೇ ಕೋಲು ಬೀಸಿ ಓಡಿಸುತ್ತ, ಬಿದ್ದ ಎಲೆಗಳನ್ನು ಬೆರಳ ತುದಿಯಿಂದ ಆರಿಸುತ್ತ ಬೆನ್ನು ಬಗ್ಗಿಸಿ ಮುಂದೆ ಮುಂದೆ ಸಾಗುತ್ತೇನೆ. ಸೊಂಟದ ಮೇಲೆ ಕೈಯಿಟ್ಟು ಗಿರಿಜವ್ವ ಹಿಂದೆ ಹಿಂದೆ ನಡೆಯುತ್ತಾಳೆ. ನೂಕಿಕೊಂಡು ಹಿಂದೆ ನಡೆಯುವ ಎಲೆ ಯಂತ್ರ ನಮ್ಮ ಓಣಿಗೆ ಬಂದೇಬಂತು. ಪೆಟ್ರೋಲಿನ ಬದಲು ಚಹಾದ ಮೇಲೆ ಓಡುತ್ತದೆ, ಅಷ್ಟೇ. ವಿಚಿತ್ರವೆಂದರೆ ಆ ಹೊತ್ತಿನಲ್ಲಿ ನನಗೆ ಯಾವ ಚಿಂತೆಯೂ ಹತ್ತಿರ ಸುಳಿಯುವುದಿಲ್ಲ. ಕಣ್ಣೆಲ್ಲ ಎಲೆಯ ಮೇಲಿರುವಾಗ ವಿಪತ್ತುಗಳನ್ನು ನೋಡಲು ಪುರಸೊತ್ತೆಲ್ಲಿ?

ನಿನ್ನೆ ಹಾಗೆ ಬಗ್ಗಿದ್ದಾಗ ಗಾಳಿ ಬೀಸಿತು. ಹಣ್ಣೆಲೆಯೊಂದು ತಿರುತಿರುಗಿ ಬಂದು ನನ್ನ ಬೋಳಾಗುತ್ತಿರುವ ನೆತ್ತಿಯ ಮೇಲೆ ಕೂತಿತು.

“ತಮ್ಮಾ, ಒಂದು ಬಿಟ್ಟಿ ನೋಡು,” ಎಂದ ಗಿರಿಜವ್ವ ಅದನ್ನು ಎತ್ತಿಕೊಂಡು, ಓಣಿಗೆ ಬಂದು, ನಮ್ಮ ಅಂಗಳದಲ್ಲಿ ಸರೋಜಾ ಆಗತಾನೆ ಥಳಿ ಹೊಡೆದಿದ್ದ ಹಸಿ ಮಣ್ಣಿನ ಮೇಲೆ ಇಟ್ಟು, ಹಾರಿಹೋಗದಂತೆ ಹೆಬ್ಬೆರಳಿನಿಂದ ಒತ್ತಿದಳು. “ಇದು ನಿಂದು.”

ನಮ್ಮ ಮನೆಯ ಮುಂದೆ ಒಂದು ಬೇವಿನ ಮರವಿದೆ. ಈಗ ನಮ್ಮ ಅಂಗಳದಲ್ಲಿ ಅದರ ಒಂದು ಎಲೆಯೂ ಇದೆ.